ಅಟ್ಟ ಇಳಿಸುವ ದಿನ

ಸಿಪ್ಪೆ ಸೀಳುವ ಸದ್ದಿಗೆ ಮಗ ಏಳುತ್ತಾನೆ. ಇನ್ನೂ ಆರು ಗಂಟೆಯಾಗಿಲ್ಲ. ಕಣ್ಣು ಪೂರ್ತಿ ಬಿಟ್ಟಿಲ್ಲ, ಆಗಲೇ ನನ್ನ ಕೆನ್ನೆ ತಟ್ಟಿ, "ಕೊಬ್ರಿ, ಅಮ್ಮ, ಕೊಬ್ರಿ" ಅನ್ನುತ್ತಾನೆ. ಪಕ್ಕದ ತೋಟದ ಮನೆಯಲ್ಲಿ ಇವತ್ತು ಅಟ್ಟ ಇಳಿಸುತ್ತಿದ್ದಾರೆ, ಅಲ್ಲಿ ಒಣಗಿದ ತೆಂಗಿನಕಾಯಿ ಕೆಳಗೆ ಬರುವ ದಿನ.

ಇವನಿಗೆ ಎರಡು ವರ್ಷ ತುಂಬಿ ಮೂರು ತಿಂಗಳು. ಮಂಗಳೂರಿನಿಂದ ಚಿಕ್ಕನಾಯಕನಹಳ್ಳಿಯ ಈ ತೋಟದ ಸಾಲಿಗೆ ನಾವು ಸೇವೆಗೆಂದು ಬಂದಾಗ ಎದೆಹಾಲಿನ ಕೂಸು. ನಮ್ಮ ಮನೆಯವರು ಸಭಾಪಾಲಕರು. ಬೆಳಿಗ್ಗೆ ಬೈಕು ಹತ್ತಿದರೆ ಹುಳಿಯಾರು, ಶೆಟ್ಟಿಕೆರೆ, ಕಂದಿಕೆರೆ ಅಂತ ಸುತ್ತಿ, ಮನೆಕೂಟ ಮುಗಿಸಿ ಬರುವಾಗ ಕತ್ತಲು. ಹಗಲೆಲ್ಲ ನಾನು, ಇವನು, ತೋಟ.

ರಾಗಿ ಸರಿ ಕುದಿಯುತ್ತಿದೆ. ತಿರುವುತ್ತ ನಿಂತರೆ ಬೆನ್ನ ಹಿಂದೆ ಸದ್ದಿಲ್ಲ. ಎರಡು ವರ್ಷದ ಮಗುವಿರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಮಗು ಒಳಗಿಲ್ಲ. ಬಾಗಿಲು ತೆರೆದಿದೆ. ಒಲೆ ಆರಿಸಿ ಓಡುತ್ತೇನೆ. ಮರಗಳ ನಡುವೆ ಒಂದು ಚಪ್ಪಲಿ ಸಿಗುತ್ತದೆ. ಇನ್ನೊಂದು ಪಾತಿಯ ಕೆಸರಿನಲ್ಲಿ. ಅದರಾಚೆ ಇವನ ಬರಿಗಾಲು, ಹಳದಿ ಅಂಗಿ, ಮತ್ತು ಅಂಗಳದ ನಡುವೆ ನೆಲಕ್ಕೆ ನೆಟ್ಟ ಕಬ್ಬಿಣದ ಈಟಿ. ಸುಲಿಯುವವನು ಕಾಯಿಯನ್ನು ಅದರ ಮೊನೆಗೆ ಕುಕ್ಕಿ ತಿರುವುತ್ತಿದ್ದಾನೆ. ಇವನು ನೇರ ಅಲ್ಲಿಗೇ ಓಡುತ್ತಿದ್ದಾನೆ. ನನ್ನ ಬಾಯಿಂದ ಕೂಗು ಬರುವ ಮೊದಲೇ ಆ ಮನೆಯ ಅಜ್ಜಿಯ ಕೈ ಮುಂದೆ ಬಂದು ಅಂಗಿಯ ಬೆನ್ನು ಹಿಡಿಯುತ್ತದೆ.

"ಎಲ್ಲೋಯ್ತೀಯೋ ನನ್ ದೊರೆ?"

ಅಷ್ಟೇ. ಇವನು ಅವಳ ಸೊಂಟದ ಮೇಲೆ ಕೂತಾಯಿತು. ಅಜ್ಜಿ ಹೆಗಲ ಮೇಲಿದ್ದ ಕಂಬಳಿ ಎಳೆದು ಇವನ ಬರಿಗಾಲಿಗೆ ಸುತ್ತುತ್ತಾಳೆ. ಕರಿ ಉಣ್ಣೆಯ ಒರಟು ಕಂಬಳಿ, ಈ ಊರಿನ ಮಗ್ಗದ್ದೇ. ನನಗೆ ಮೈ ಚುಚ್ಚುವ ಆ ಕಂಬಳಿಗೆ ಇವನು ಕೆನ್ನೆ ಒರೆಸುತ್ತಾನೆ. ನನ್ನ ಕಾಲು ನಡುಗುವುದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮೇಲಿಂದ ಕಾಯಿ ಉರುಳುತ್ತಲೇ ಇವೆ. ಕರಾವಳಿಯವಳಾದ ನನಗೆ ತೆಂಗು ಹೊಸದಲ್ಲ, ಆದರೆ ಹೀಗೆ ತಾಳ್ಮೆಯಿಂದ ಕೊಬ್ಬರಿ ಮಾಡುವುದನ್ನು ನೋಡಿದ್ದು ಇಲ್ಲಿ. ನಮ್ಮಲ್ಲಿ ಕಾಯಿ ಒಡೆದು ಬಿಸಿಲಿಗೆ ಹರವುತ್ತಾರೆ. ಇಲ್ಲಿ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಎಂಟು, ಹತ್ತು, ಒಮ್ಮೊಮ್ಮೆ ಹನ್ನೆರಡು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ, ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ.

ಆಗಿದೆಯೋ ಇಲ್ಲವೋ ಹೇಳುವುದು ಕಿವಿ. ಅಜ್ಜಿ ಒಂದು ಕಾಯಿ ಎತ್ತಿ ಮಗುವಿನ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಕುಲುಕ್ ಕುಲುಕ್. "ನೀರೈತೆ. ಇನ್ನೂ ಹಸಿ." ಪಕ್ಕಕ್ಕಿಡುತ್ತಾಳೆ. ಇನ್ನೊಂದು. ಸದ್ದೇ ಇಲ್ಲ. ನೀರು ಹೋಗಿದೆ, ತಿರುಳಿನ್ನೂ ಚಿಪ್ಪು ಬಿಟ್ಟಿಲ್ಲ. ಮೂರನೆಯದು ಲೊಟಲೊಟ ಅನ್ನುತ್ತದೆ. ಮಗನ ಹುಬ್ಬು ಮೇಲೇರುತ್ತದೆ. "ಐತೆ!" ಅಂತ ಕೂಗುತ್ತಾನೆ. ಸುಲಿಯುವವರೆಲ್ಲ ಕೈ ನಿಲ್ಲಿಸಿ ನಗುತ್ತಾರೆ. ಅಜ್ಜಿ ಚಿಪ್ಪು ಒಡೆಸಿ ಉಂಡೆಯನ್ನು ಇವನ ಕೈಗೆ ಕೊಡುತ್ತಾಳೆ. ಕಂದು ಸಿಪ್ಪೆಯ ದುಂಡು ಕೊಬ್ಬರಿ, ಇವನ ಎರಡು ಅಂಗೈಗೂ ದೊಡ್ಡದು. ನಾಲ್ಕು ಹಲ್ಲು ಊರಿ ಗೆರೆ ಮಾಡುತ್ತಾನೆ, ಕಚ್ಚಲಾಗುವುದಿಲ್ಲ. ಎಣ್ಣೆ ಜಿನುಗಿ ಗಲ್ಲ ಹೊಳೆಯುತ್ತದೆ. ಚೂರು ಮುರಿದು ಬಾಯಿಗಿಟ್ಟುಕೊಂಡಾನು ಅಂತ ನಾನು ಕೈಯನ್ನು ಅಲ್ಲೇ ಇಟ್ಟಿದ್ದೇನೆ.

ಅಜ್ಜಿಯ ಸೊಂಟದ ಮೇಲೆ ಇವನನ್ನು ಕಂಡಾಗಲೆಲ್ಲ ನನಗೆ ಬೆಂಗಳೂರಿನ ಇನ್ನೊಂದು ಮಗುವಿನ ನೆನಪು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗ, 1837ರ ಜುಲೈ 17ರಂದು ಅಲ್ಲೇ ಹುಟ್ಟಿದವನು. ಎಲ್ಲಿಂದಲೋ ಬಂದ ಮನೆಯ ಆ ಕೂಸೇ ಬಿ. ಎಲ್. ರೈಸ್ ಆಗಿ ನಮ್ಮ ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿತು. 1904ರಲ್ಲಿ ಬಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೇ ಸಂಪುಟ ತುಮಕೂರು ಜಿಲ್ಲೆಯದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿವೆ. ಈ ಊರಿನ ಕಲ್ಲಿನ ಮಾತು ಪುಸ್ತಕಕ್ಕೆ ಬಂದದ್ದು ಮಿಷನರಿ ಮನೆಯಲ್ಲಿ ಹುಟ್ಟಿದ ಮಗುವಿನ ಕೈಯಿಂದ ಅನ್ನುವುದು ನನಗೆ ದೊಡ್ಡ ಧೈರ್ಯ.

ನೋವಿನ ನೆನಪೂ ಇದೆ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಮಕ್ಕಳನ್ನು ಎಳೆಯದರಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಚಿಕ್ಕವಳಿದ್ದಾಗಲೇ ಕರೆದೊಯ್ದು, ಅಲ್ಲೇ ಬಿಟ್ಟು ತಂದೆತಾಯಿ ಹಿಂದಿರುಗಿದರು. ಅವಳು ಮತ್ತೆ ಈ ನೆಲ ಕಂಡದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಹರ್ಮನ್ ಹೆಸ್ಸೆಯ ತಾಯಿಯಾದವಳು ಇವಳೇ. ಮಗು ಬಿಟ್ಟು ಹಡಗು ಹತ್ತಿದ ಆ ತಾಯಿಯದು ತಪ್ಪು ಅಂತ ನಾನು ಅನ್ನಲಾರೆ. ಆದರೆ ರಾತ್ರಿ ಇವನ ಬಿಸಿಯುಸಿರು ಕತ್ತಿಗೆ ತಾಗುವಾಗ, ಯಾವ ಸೇವೆಗೂ ಇವನನ್ನು ದೂರ ಕಳಿಸಲಾರೆ ಅಂತ ದೇವರಿಗೆ ನೇರವಾಗಿ ಹೇಳಿದ್ದೇನೆ.

ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಮಂಗಳೂರಿಂದ ವೀಡಿಯೊ ಕರೆ. ನನ್ನ ಅಮ್ಮ ತುಳುವಿನಲ್ಲಿ ಕೇಳುತ್ತಾಳೆ, "ದಾದ ಮಲ್ಪುವ ಮಗಾ?" ಮಗ ಫೋನಿನ ಮುಂದೆ ಕಾಯಿ ಹಿಡಿದು ಅಲ್ಲಾಡಿಸಿ, "ನೀರೈತೆ" ಅನ್ನುತ್ತಾನೆ. ಅಮ್ಮ ಕ್ಷಣ ಸುಮ್ಮನಾಗಿ, "ಇವನು ಅಲ್ಲಿಯವನೇ ಆಗಿಬಿಟ್ಟ" ಅನ್ನುತ್ತಾಳೆ. ದನಿ ತುಸು ಇಳಿದಿದೆ. ಕಾಯಿಗೆ ತಾರಾಯಿ ಅಂತ ನಾನೂ ಕಲಿಸಿದ್ದೆ. ಅದನ್ನು ಇವನು ಹೇಳುವುದು ನನ್ನೊಬ್ಬಳ ಹತ್ತಿರ, ನಿದ್ದೆ ಬರುವಾಗ.

ಸಂಜೆ ಅಟ್ಟ ಖಾಲಿ. ಅಂಗಳದಲ್ಲಿ ಸಿಪ್ಪೆಯ ಗುಡ್ಡೆ, ಅದರ ಹಸಿಮಣ್ಣಿನಂಥ ವಾಸನೆ. ಬೈಕಿನ ಸದ್ದು ಕೇಳಿ ಮಗ "ಅಪ್ಪ" ಅನ್ನುತ್ತಾನೆ, ಆದರೆ ಅಜ್ಜಿಯ ಸೆರಗು ಬಿಡುವುದಿಲ್ಲ. ಅಜ್ಜಿ ಈ ವರ್ಷದ ಹೊಸ ಕಾಯೊಂದನ್ನು ತಂದು, ಅದರ ಸಿಪ್ಪೆಗೆ ಇದ್ದಿಲಿನಿಂದ ಒಂದು ಗೆರೆ ಎಳೆದು, ಇವನ ಕೈಯಲ್ಲೇ ಏಣಿಯ ಮೇಲಿದ್ದವನಿಗೆ ಕೊಡಿಸುತ್ತಾಳೆ.

"ಇದು ಇವನ್ದು. ಮುಂದಿನ್ ವರ್ಸ ಇಳ್ಸಾನ." ಆಮೇಲೆ ನನ್ನತ್ತ ತಿರುಗಿ, "ಅಮ್ಮಾರೆ, ಅಲ್ಲೀಗಂಟ ಇರ್ತೀರಲ್ಲ?" ಅನ್ನುತ್ತಾಳೆ.

ವರ್ಗದ ಮಾತು ಮನೆಯಲ್ಲಿ ಶುರುವಾಗಿ ತಿಂಗಳಾಯಿತು. ಆದೇಶ ಬಂದರೆ ಹೊರಡಬೇಕು. ನನಗೆ ಉತ್ತರ ಹೊರಡುವುದಿಲ್ಲ. ಮಗ ಕತ್ತೆತ್ತಿ ಅಟ್ಟದ ಕತ್ತಲಿನತ್ತ ಕೈ ಚಾಚಿ, ಕಾಯಿ ವಾಪಸು ಕೊಡಿ ಅಂತ ಅಳುತ್ತಾನೆ. ಏಣಿಯ ಮೇಲಿದ್ದವನು ಬಗ್ಗಿ, ಇವನ ಕಿವಿಗೆ ಕಾಯಿ ಹಿಡಿದು ಕುಲುಕಿಸುತ್ತಾನೆ.

ಅಳು ನಿಲ್ಲಿಸಿ ಕೇಳುತ್ತಾನೆ. "ನೀರೈತೆ" ಅನ್ನುತ್ತಾನೆ. ಕಾಯಿ ಮೇಲಕ್ಕೆ ಹೋಗುತ್ತದೆ.