ಗೋಡೆಯ ಮೇಲಿನ ಕಲೆ

ಹೊಸ ಫ್ಲ್ಯಾಟಿಗೆ ಬಂದ ವರ್ಷ ನಮಗೆ ಕಲಾಪ್ರೇಮ ಹತ್ತಿಕೊಂಡಿತು. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವಿನ ಕಟ್ಟಿಗೂ ಚೌಕಾಸಿ ಮಾಡುವ ನಾವು, ಅಮ್ಮ ಅಡಿಕೆ ಮಾರಿ ದೇವರ ಮಂಟಪಕ್ಕೆಂದು ತೀರ್ಥಹಳ್ಳಿಯಿಂದ ಕಳುಹಿಸಿದ್ದ ಎಂಟು ಸಾವಿರ ರೂಪಾಯಿಯನ್ನು ಒಂದು ನವ್ಯಚಿತ್ರದ ಅಚ್ಚುಪ್ರತಿಗೆ ಸುರಿದೆವು.

ಮೂಲಚಿತ್ರ ಕೊಳ್ಳುವ ಯೋಗ ನಮಗೆಲ್ಲಿಯದು? ಆದರೂ ಆರಿಸಿದ್ದಕ್ಕೆ ಕಾರಣವಿತ್ತು. 1922ರ ಡಿಸೆಂಬರಿನಲ್ಲಿ ಇದೇ ಕಲ್ಕತ್ತೆಯಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನವರು ಜರ್ಮನಿಯ ಬೌಹೌಸ್ ಶಾಲೆಯಿಂದ ಕಾಂಡಿನ್ಸ್ಕಿ, ಕ್ಲೇ ಮೊದಲಾದವರ ಕೃತಿಗಳನ್ನು ತರಿಸಿ, ಗಗನೇಂದ್ರನಾಥ ಟಾಗೋರರ ಚಿತ್ರಗಳ ಜೊತೆಗೆ ಪ್ರದರ್ಶಿಸಿದ್ದರು. ಅದೇ ವರ್ಷ ಕಾಂಡಿನ್ಸ್ಕಿ ‘ಪುಟ್ಟ ಲೋಕಗಳು’ ಎಂಬ ಅರ್ಥದ ಹೆಸರಿಟ್ಟು 12 ಅಚ್ಚುಚಿತ್ರಗಳ ಸಂಪುಟ ಹೊರತಂದ. ನಮ್ಮದು ಅದರಲ್ಲೊಂದರ ಪ್ರತಿ.

ಅಂಗಡಿಯವರು ‘ಮ್ಯೂಸಿಯಂ ಕ್ವಾಲಿಟಿ’ ಎಂದರು. ಹತ್ತಿಯ ಕಾಗದ, ಆಮ್ಲವಿಲ್ಲ, ಬಣ್ಣ ಮಾಸದು. ಅದೆಲ್ಲ ನಿಜವೇ. ಫ್ರೇಮಿನ ವಿಷಯ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಿತ್ರ ಗಾಜಿಗೆ ತಾಗಿಕೊಂಡಿತ್ತು. ಬೆನ್ನಿಗೆ ಅಗ್ಗದ ಹಾರ್ಡ್‌ಬೋರ್ಡು. ಸಾಲದ್ದಕ್ಕೆ ನಾವು ಅದನ್ನು ತೂಗುಹಾಕಿದ್ದು ಮಳೆ ಹೊಡೆಯುವ ಹೊರಗೋಡೆಗೆ. ಜುಲೈ, ಆಗಸ್ಟಿನಲ್ಲಿ ಇಲ್ಲಿಯ ಗಾಳಿಯ ತೇವ ಶೇಕಡಾ 80 ದಾಟುವುದನ್ನು ವಾಚಕರಿಗೆ ನಾವು ಹೇಳಬೇಕೆ? ನಿಮ್ಮ ಚರ್ಮದ ಚಪ್ಪಲಿಗಳೇ ಹೇಳಿಯಾವು.

ಎರಡನೆಯ ಮಳೆಗಾಲದಲ್ಲಿ ಅಮ್ಮ ಬಂದಳು. ಕಾಫಿ ಲೋಟ ಹಿಡಿದು ಬಹಳ ಹೊತ್ತು ನೋಡಿ, “ಈ ಕಂದು ಚುಕ್ಕೆಗಳನ್ನೂ ಅವನೇ ಬರೆದದ್ದಾ?” ಎಂದಳು. ನಾವು ನವ್ಯಕಲೆಯ ಗೂಢಾರ್ಥವನ್ನು ವಿವರಿಸತೊಡಗಿದೆವು.

“ಅಲ್ಲ ಮಾರಾಯ, ಇದು ಬೂಷ್ಟು. ನಮ್ಮ ಅಟ್ಟದ ಹಳೇ ಪಂಚಾಂಗಗಳಿಗೂ ಹೀಗೇ ಬರ್ತದೆ.”

ಬಂದವರಿಗೆಲ್ಲ ನಾವು ಕಲೆಯೆಂದು ತೋರಿಸಿದ್ದರಲ್ಲಿ ಕಾಲುಭಾಗ ಬರೀ ಕಲೆ!

“ಎಷ್ಟಾಯಿತು ಇದಕ್ಕೆ?”

ನಾವು ಗಂಡಹೆಂಡಿರು ಮುಖ ಮುಖ ನೋಡಿಕೊಂಡೆವು. ಮಂಟಪದ ದುಡ್ಡೆಂದು ಹೇಳಲೇಬೇಕಾಯಿತು. ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಬೇರೊಂದು ಅಂಗಡಿಯಲ್ಲಿ ಫ್ರೇಮು ಬಿಚ್ಚಿಸಿದೆವು. ಸುತ್ತ ಆಮ್ಲವಿಲ್ಲದ ರಟ್ಟಿನ ಅಂಚು ಕೊಡಿಸಿ, ಗಾಜಿಗೂ ಕಾಗದಕ್ಕೂ ನಡುವೆ ಸಂದು ಬಿಡಿಸಿ, ಗಾಳಿಯಾಡಲೆಂದು ಹಿಂದಿನ ಮೂಲೆಗಳಿಗೆ ಬೆಂಡಿನ ತುಂಡುಗಳನ್ನು ಅಂಟಿಸಿಕೊಂಡು ಬಂದೆವು. ಚುಕ್ಕೆಗಳೇನೋ ಹೋಗಲಿಲ್ಲ. ಒಳಗೋಡೆಯಲ್ಲಿ ಖಾಲಿಯಿದ್ದದ್ದು ಒಂದೇ ಜಾಗ: ಮಂಟಪವಿಲ್ಲದೆ ದೇವರ ಪಟಗಳು ಸ್ಟೂಲಿನ ಮೇಲೆ ಕುಳಿತಿದ್ದ ಮೂಲೆ. ನಾವು ಚಿತ್ರ ಹಿಡಿದು ನಿಂತೇ ಇದ್ದೆವು.

“ಅಲ್ಲೇ ಹಾಕಿ,” ಎಂದಳು ಅಮ್ಮ, “ಸ್ವಲ್ಪ ಮೇಲಕ್ಕೆ. ದೀಪದ ಮಸಿ ತಾಗೀತು.”