ಕಾಡು ಮುಗಿದ ಮೇಲಿನ ಕಥೆ

ಮಗನ ಮನೆಗೆಂದು ಅಮೆರಿಕಕ್ಕೆ ಹೋದವರೆಲ್ಲ ನಯಾಗರ ನೋಡಿ ಬರುತ್ತಾರೆ. ನಾನು ನೋಡಿ ಬಂದದ್ದು ಒಬ್ಬ ಮುದುಕ ಕಣ್ಣುಮುಚ್ಚಿದ ಮನೆಯನ್ನು. "ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇನ್ರೀ?" ಎಂದು ಪಕ್ಕದ ಮನೆಯವರು ನಕ್ಕರು.

ಮಿಸೌರಿ ರಾಜ್ಯದ ಡಿಫಯನ್ಸ್ ಎಂಬ ಪುಟ್ಟ ಊರಿನ ಹತ್ತಿರದ ಕಲ್ಲಿನ ಮನೆ ಅದು. ಡೇನಿಯಲ್ ಬೂನ್ 1820ರಲ್ಲಿ ತೀರಿಕೊಂಡದ್ದು ಅಲ್ಲಿ, ಮಗ ನೇಥನ್‌ನ ಆಸರೆಯಲ್ಲಿ.

"ಇವನ ಮೇಲೆ 1964ರಿಂದ 1970ರವರೆಗೆ ಟಿ.ವಿ. ಧಾರಾವಾಹಿ ಬಂದಿತ್ತಮ್ಮ" ಎಂದ ಮಗ. ನಾಯಕ ಫೆಸ್ ಪಾರ್ಕರ್. ಕೆಂಟಕಿಯ ಕಾಡು, ಕೋಟೆ, ಬಂದೂಕು, ತಲೆಗೆ ತುಪ್ಪಳದ ಟೋಪಿ. ನಿಜವಾದ ಬೂನನಿಗೆ ಆ ಟೋಪಿ ಹಿಡಿಸುತ್ತಿರಲಿಲ್ಲವಂತೆ!

ನನಗೆ ಬೇಕಾದ ಸಿನಿಮಾ ಅದಾದ ಮೇಲಿನದು. ಕೆಂಟಕಿಗೆ ದಾರಿ ಕಡಿದವನು ಕಾಗದಪತ್ರಗಳ ತೊಡಕಿನಲ್ಲಿ ಅಲ್ಲಿನ ಜಮೀನು ಕಳೆದುಕೊಂಡ. 1799ರಲ್ಲಿ, ಅರವತ್ತೈದರ ಹೊಸ್ತಿಲಲ್ಲಿ, ಗಂಟುಮೂಟೆ ಕಟ್ಟಿಕೊಂಡು ಆಗ ಸ್ಪೇನಿನ ಕೈಯಲ್ಲಿದ್ದ ಮಿಸೌರಿಗೆ ಬಂದ. ಸ್ಪೇನಿನವರು ಸುಮಾರು 850 ಎಕರೆ ಕೊಟ್ಟರು, ನ್ಯಾಯ ಹೇಳುವ ಅಧಿಕಾರವನ್ನೂ ಕೊಟ್ಟರು. 1803ರಲ್ಲಿ ಅಮೆರಿಕ ಆ ಸೀಮೆಯನ್ನು ಕೊಂಡುಕೊಂಡಿತು; ಪತ್ರ ಸರಿಯಿಲ್ಲವೆಂದು ಆ ಭೂಮಿಯೂ ಹೋಯಿತು. 1814ರಲ್ಲಿ ಕಾಂಗ್ರೆಸ್ ಅದನ್ನು ಮರಳಿಸಿದಾಗ, ಬಹುಪಾಲು ಹಳೆಯ ಸಾಲಕ್ಕೇ ಸರಿಹೋಯಿತು. ಆ ನೆಲಗಳಲ್ಲಿ ಮೊದಲಿನಿಂದ ಬಾಳಿದ್ದ ಶಾನೀ, ಓಸೇಜ್ ಜನರಿಗೆ ಮಾತ್ರ ಮರಳಿಸುವವರು ಯಾರೂ ಇರಲಿಲ್ಲ. ಇದನ್ನು ಬಿಟ್ಟರೆ ಸಿನಿಮಾ ಸುಳ್ಳಾಗುತ್ತದೆ.

ರೆಬೆಕ್ಕಳನ್ನು ಬಿಟ್ಟರೂ ಅಷ್ಟೇ. 1756ರಲ್ಲಿ ಮದುವೆ, ಹತ್ತು ಮಕ್ಕಳು. ಗಂಡ ತಿಂಗಳುಗಟ್ಟಲೆ ಬೇಟೆಗೆ ಹೋದರೆ ಮನೆ ನಡೆಸಿದವಳು ಇವಳು. ಎಷ್ಟು ಊರುಗಳಲ್ಲಿ ಹೊಸದಾಗಿ ಒಲೆ ಹೂಡಿದಳೋ! ಭೂಮಿ ಮರಳುವ ಹಿಂದಿನ ವರ್ಷ, 1813ರಲ್ಲಿ, ತೀರಿಕೊಂಡಳು. ಆಮೇಲೆ ಬೂನ್ ಮಕ್ಕಳ ಮನೆಗಳಲ್ಲಿ ಕಾಲ ಕಳೆದ. ತನ್ನ ಶವಪೆಟ್ಟಿಗೆಯನ್ನು ತಾನೇ ಮಾಡಿಸಿಟ್ಟುಕೊಂಡಿದ್ದನಂತೆ. ಯುದ್ಧಕ್ಕಿಂತ ಈ ದೃಶ್ಯ ತೆಗೆಯುವುದು ಕಷ್ಟ: ಮಗನ ಮನೆ, ಮೊಮ್ಮಕ್ಕಳ ಗದ್ದಲ, ಸದ್ದಿಲ್ಲದೆ ಕೂತ ಮುದುಕ.

ಇದನ್ನೆಲ್ಲ ನಾನು ಅಷ್ಟು ಕಿವಿಗೊಟ್ಟು ಕೇಳಿದ್ದಕ್ಕೆ ಕಾರಣವಿತ್ತು. ನಮ್ಮವರು ಹೋಗಿ ವರ್ಷವಾಗಿತ್ತು. "ಊರ ಮನೆ ಮಾರಿ ಇಲ್ಲೇ ಇದ್ದುಬಿಡಮ್ಮ" ಎಂದು ಮಗ ವಾರದಿಂದ ಹೇಳುತ್ತಿದ್ದ. ಸೊಸೆಯೂ ಪ್ರೀತಿಯಿಂದಲೇ ಹೇಳುತ್ತಿದ್ದಳು. ನನಗೂ ಅರವತ್ತನಾಲ್ಕು. ಈ ವಯಸ್ಸಿನಲ್ಲಿ ಹೊಸ ಊರೇ ಎಂಬ ನನ್ನ ನೆಪವನ್ನು ಬೂನ್ ಕಿತ್ತುಕೊಂಡಿದ್ದ. ಆದರೆ ಅವನು ಹೊರಟದ್ದು ತನಗೆ ಬೇಕೆನಿಸಿ. ರೆಬೆಕ್ಕಳನ್ನು ಯಾರಾದರೂ ಕೇಳಿದ್ದರೋ?

ಕಾರಿನಲ್ಲಿ ಮಗ, "ಏನಮ್ಮ, ಮನೆ ವಿಷಯ ಯೋಚಿಸಿದೆಯಾ?" ಎಂದ.

"ಮನೆ ಇನ್ನೂ ನಿಮ್ಮಪ್ಪನ ಹೆಸರಲ್ಲೇ ಇದೆಯಲ್ಲೋ" ಎಂದೆ.

ಊರಿಗೆ ಮರಳಿದ ಮೂರನೇ ದಿನವೇ ಪುರಸಭೆಗೆ ಹೋಗಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟೆ. ಮಾರುವುದೋ ಬಿಡುವುದೋ, ಆ ಮಾತು ಆಮೇಲೆ.