ಅರಿಯಲ್ಲಿದ್ದ ರಾಗಿ

1
2021ರ ನವೆಂಬರ್, ತುಮಕೂರು ಕಡೆಯ ಒಂದು ಊರು. ಮಳೆ ಆಗತಾನೆ ಬಿಟ್ಟಿತ್ತು. ಕೊಯ್ದು ಅರಿ ಹಾಕಿದ್ದ ರಾಗಿ ತೆನೆಯಲ್ಲೇ ಮೊಳೆತಿತ್ತು. ಅಜ್ಜಿಯೊಬ್ಬರು ಒಂದು ತೆನೆ ತಂದು ವಿಮೆ ಕಡೆಯ ಹುಡುಗನ ಮುಂದೆ ಹಿಡಿದರು. ಅವನು ನೋಡಿ, "ಕೊಯ್ದಿದ್ದು ಯಾವತ್ತಜ್ಜಿ?" ಅಂದ.
"ಮೊದಲ್ನೇ ಕಾರ್ತೀಕ ಸೋಮವಾರ ಆಯ್ತಲ್ಲಪ್ಪ, ಅದರ ಮಾರನೇ ದಿನ."
ಹುಡುಗ ಗೋಡೆಯ ಕ್ಯಾಲೆಂಡರ್ ನೋಡಿ 9ನೇ ತಾರೀಖು ಎಂದು ಬರೆದುಕೊಂಡ. ಅಲ್ಲಿಂದ ಬೆರಳು ಮಡಚಿ ಎಣಿಸಿದ.

2
ಎಣಿಸಿದ್ದು ಯಾಕೆಂದರೆ, ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಒಣಗಲು ಹೊಲದಲ್ಲೇ ಬಿಟ್ಟ ಬೆಳೆಗೆ 14 ದಿನ ಮಾತ್ರ ರಕ್ಷಣೆ. ಹಾಳಾದ 72 ಗಂಟೆಯೊಳಗೆ ತಿಳಿಸಬೇಕು.
ಮಳೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಮೊಳಕೆ ಕಾಣುತ್ತದೆ. ರಾಗಿ ಹಾಳಾದದ್ದು ಯಾವ ಗಳಿಗೆಯಲ್ಲಿ?

3
ಬಿತ್ತದೇ ಇರುವುದೂ ನಷ್ಟದ ಒಂದು ಬಗೆ. ಮಳೆಯಿಲ್ಲದೆ ಪಂಚಾಯಿತಿಯ ಹೆಚ್ಚಿನ ನೆಲ ಬೀಳು ಬಿದ್ದರೆ ವಿಮಾ ಮೊತ್ತದ ಶೇ 25ರವರೆಗೆ ಸಿಗುತ್ತದೆ. ಪಾಲಿಸಿ ಅಲ್ಲಿಗೆ ಮುಗಿಯಿತು. ತಡವಾಗಿ ಮಳೆ ಬಂದು ಬಿತ್ತಿದರೆ ಆ ಬೆಳೆಗೆ ವಿಮೆಯಿಲ್ಲ.

4
ಇಳುವರಿ ಕುಸಿತವನ್ನು ಅಳೆಯುವುದು ರೈತನ ಹೊಲದಲ್ಲಲ್ಲ. ಪಂಚಾಯಿತಿಯಲ್ಲಿ ಆರಿಸಿದ ಕೆಲವು ಹೊಲಗಳಲ್ಲಿ ಗೂಟ ನೆಟ್ಟು, ಹಗ್ಗ ಎಳೆದು 5 ಮೀಟರಿಗೆ 5 ಮೀಟರಿನ ಚೌಕ ಮಾಡುತ್ತಾರೆ. ಒಳಗಿನ ರಾಗಿಯನ್ನು ಕೊಯ್ದು, ಬಡಿದು, ತೂಗುತ್ತಾರೆ. ಹೋಲಿಸುವುದು ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿಯ ಮೇಲೆ ಗೊತ್ತುಮಾಡಿದ ಮಟ್ಟದ ಜೊತೆ.
ಚೌಕಗಳಲ್ಲಿ ಬೆಳೆ ಬಂದಿದ್ದರೆ, ಆಚೆ ಹೊಲದಲ್ಲಿ ಒಣಗಿದ್ದು ಲೆಕ್ಕಕ್ಕೆ ಬರುವುದಿಲ್ಲ.

5
ಅಡಿಕೆಗೆ ಚೌಕವೂ ಇಲ್ಲ. ಹವಾಮಾನ ಆಧಾರಿತ ವಿಮೆ. ಮಳೆಮಾಪಕ ಹೇಳಿದ್ದೇ ನಷ್ಟ. ಕೊಳೆರೋಗಕ್ಕೆ ಉದುರಿದ ಕಾಯಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ.

6
ಹಡಗಿನ ವಿಮೆಯಲ್ಲಿ ಭಾಗಶಃ ನಷ್ಟಕ್ಕೆ 'ಆವರೇಜ್' ಎನ್ನುತ್ತಾರೆ. ಆ ಪದಕ್ಕೆ ಸರಾಸರಿ ಎಂಬ ಅರ್ಥ ಹುಟ್ಟಿದ್ದು ಆಮೇಲೆ.

7
2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಬಿಡಿಸಿದ ಮೇಲೆ ಮಾಲೀಕರು 'ಜನರಲ್ ಆವರೇಜ್' ಘೋಷಿಸಿದರು. ಹಡಗನ್ನೂ ಸರಕನ್ನೂ ಉಳಿಸಲು ಆದ ಖರ್ಚು ಒಳಗಿದ್ದ ಸರಕಿನವರ ಮೇಲೂ ಬೀಳುತ್ತದೆ. ತಮ್ಮ ಪೆಟ್ಟಿಗೆಗೆ ಏನೂ ಆಗದವರೂ ಕೊಡಬೇಕು.

8
ಥೇಮ್ಸ್ ನದಿಯಲ್ಲಿ ಖರ್ಜೂರ ಹೊತ್ತ ಹಡಗು ಮುಳುಗಿತು. ಮೇಲೆತ್ತಿದಾಗ ಖರ್ಜೂರ ಒಳಗೇ ಇತ್ತು, ಕೊಳಚೆ ಹೀರಿಕೊಂಡಿತ್ತು. ಭಟ್ಟಿ ಇಳಿಸುವುದಕ್ಕೆ ಬರುತ್ತಿತ್ತು, ಬೆಲೆಯೂ ಇತ್ತು. 1896ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅದನ್ನು ಪೂರ್ಣ ನಷ್ಟ ಎಂದಿತು. ವ್ಯಾಪಾರದ ಮಟ್ಟಿಗೆ ಅದು ಇನ್ನು ಖರ್ಜೂರವಲ್ಲ.
ನಮ್ಮ 1963ರ ಕಡಲ ವಿಮಾ ಕಾಯ್ದೆಯಲ್ಲೂ ಇದೇ ಅಳತೆ: ವಸ್ತು ಆ ಬಗೆಯ ವಸ್ತುವಾಗಿ ಉಳಿದಿದೆಯೇ?
ರಾಗಿಯನ್ನು ನಾವೇ ನೆನೆಸಿ ಮೊಳಕೆ ಬರಿಸಿ ಹಿಟ್ಟು ಮಾಡುತ್ತೇವೆ. ಹೊಲದಲ್ಲಿ ಮೊಳೆತು ಕಪ್ಪಾದದ್ದು ಬೇರೆ. ಅದು ರಾಗಿಯೇ?

9
ಅದೇ ಕಾಯ್ದೆ: ಹಡಗು ಕಾಣೆಯಾಗಿ, ತಕ್ಕಷ್ಟು ಕಾಲ ಸುದ್ದಿಯೇ ಬರದಿದ್ದರೆ ಪೂರ್ಣ ನಷ್ಟವೆಂದು ಭಾವಿಸಬಹುದು. 'ತಕ್ಕಷ್ಟು' ಎಂದರೆ ಎಷ್ಟು ದಿನ ಎಂದು ಬರೆದಿಲ್ಲ.

10
ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಎಂಜಿನ್ನಿನ ದಂಡ ಮುರಿಯಿತು. ಮಾದರಿಗೆಂದು ಗ್ರೀನಿಚ್‌ಗೆ ಕಳಿಸಿದರು. ಸಾಗಣೆಯವರು ತಡ ಮಾಡಿದರು. ಗಿರಣಿ ಅಷ್ಟು ದಿನ ನಿಂತೇ ಇತ್ತು. 1854ರ ತೀರ್ಪು: ನಿಂತ ದಿನಗಳ ಲಾಭ ಸಿಗದು. ಬೇರೆ ದಂಡವಿಲ್ಲ ಎಂಬುದು ಸಾಗಣೆಯವರಿಗೆ ತಿಳಿದಿರಲಿಲ್ಲ.
1872ರ ನಮ್ಮ ಕರಾರು ಕಾಯ್ದೆಯ 73ನೇ ಕಲಮಿನಲ್ಲೂ ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ.
ಎಲ್ಲಿಂದ ಆಚೆ ದೂರ?

11
ಅಜ್ಜಿಯ ರಾಗಿ 14 ದಿನದೊಳಗೇ ನೆಂದಿತ್ತು. ಹುಡುಗ ಶೇಕಡಾ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.
ಕೊಟ್ಟಿಗೆಯಲ್ಲಿ ಎರಡು ಹಸು. ರಾಗಿ ಹುಲ್ಲೇ ಅವಕ್ಕೆ ವರ್ಷದ ಮೇವು. ಕಪ್ಪಾದ ಹುಲ್ಲನ್ನು ಅಜ್ಜಿ ಮುಂದೆ ಹಾಕಿದರು. ಒಂದು ಹಸು ಮೂಸಿ ಮುಖ ತಿರುಗಿಸಿತು.
ಅರ್ಜಿಯಲ್ಲಿ ಹುಲ್ಲಿಗೆ ಜಾಗ ಹುಡುಕಿದೆ. ಇರಲಿಲ್ಲ.